ಕನ್ನಡಿ ಯಾರ ಕಡೆಗಿದೆ?

ಬೇಲೂರಿನ ದರ್ಪಣಸುಂದರಿಯನ್ನು ನೋಡದ ಕನ್ನಡಿಗರು ಕಡಿಮೆ. ಗುಡಿಗೆ ಹೋಗದವರೂ ಅವಳನ್ನು ಕ್ಯಾಲೆಂಡರಿನಲ್ಲೋ ಪಠ್ಯಪುಸ್ತಕದ ರಟ್ಟಿನಲ್ಲೋ ನೋಡಿರುತ್ತಾರೆ. ಕೈಯಲ್ಲಿ ಕನ್ನಡಿ, ಬಳುಕಿದ ಮೈ, ತನ್ನ ಪಾಡಿಗೆ ತಾನು. ಆ ಫೋಟೊದ ಪಕ್ಕಕ್ಕೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದ, ರೋಮನ್ನರ ಪ್ರೇಮದೇವತೆ ವೀನಸ್‌ಳ ಚಿತ್ರವನ್ನು ಇಟ್ಟು ನೋಡಿ. ಒಂದು ಕಲ್ಲು, ಇನ್ನೊಂದು ಬಣ್ಣ, ನಡುವೆ ಐನೂರು ವರ್ಷಕ್ಕೂ ಮೀರಿದ ಅಂತರ. ಆದರೂ ಎರಡರಲ್ಲೂ ಹೆಣ್ಣಿದ್ದಾಳೆ, ಕನ್ನಡಿಯಿದೆ. ಹಾಗಾಗಿ ಎರಡಕ್ಕೂ ಒಂದೇ ಅಡಿಬರಹ ಬೀಳುತ್ತದೆ: ‘ತನ್ನ ಚೆಲುವಿಗೆ ತಾನೇ ಮರುಳಾದ ಹೆಣ್ಣು’. ಈ ಮಾತು ಬೇಲೂರಿಗೆ ಒಪ್ಪಬಹುದು. ಲಂಡನ್ನಿನ ಚಿತ್ರಕ್ಕೆ ಖಂಡಿತ ಒಪ್ಪುವುದಿಲ್ಲ. ಒಂದು ಕೈಗನ್ನಡಿಯಿದ್ದರೆ ಯಾಕೆಂದು ಮನೆಯಲ್ಲೇ ಕೂತು ಪರೀಕ್ಷಿಸಬಹುದು.

ಯಾರಾದರೊಬ್ಬರನ್ನು ನಿಮಗೆ ಬೆನ್ನು ಹಾಕಿ ಕೂರಿಸಿ ಅವರ ಕೈಗೆ ಕನ್ನಡಿ ಕೊಡಿ. ನೀವು ಹಿಂದೆ, ಸ್ವಲ್ಪ ಓರೆಯಾಗಿ, ನಾಲ್ಕೈದು ಹೆಜ್ಜೆ ದೂರ ನಿಲ್ಲಿ. ಅವರು ತಮ್ಮ ಮುಖ ಸರಿಯಾಗಿ ಕಾಣುವಂತೆ ಕನ್ನಡಿ ಹಿಡಿದಾಗ ನಿಮಗೆ ಅದರಲ್ಲಿ ಕಾಣುವುದು ಗೋಡೆ, ಕಿಟಕಿ ಅಥವಾ ಅವರ ಕಿವಿಯ ಅಂಚು. ಈಗ ಕನ್ನಡಿಯನ್ನು ನಿಧಾನವಾಗಿ ತಿರುಗಿಸುತ್ತ ಬರಲು ಹೇಳಿ. ನಿಮಗೆ ಅವರ ಕಣ್ಣು ಕಂಡ ಕ್ಷಣದಲ್ಲೇ ಅವರಿಗೂ ನಿಮ್ಮ ಕಣ್ಣು ಕಾಣುತ್ತದೆ. ಬೆಳಕು ಹೋದ ದಾರಿಯಲ್ಲೇ ಹಿಂದಿರುಗುವುದರಿಂದ ಇದಕ್ಕೆ ವಿನಾಯಿತಿ ಇಲ್ಲ. ಅಂದಮೇಲೆ ಚಿತ್ರದಲ್ಲಿ ನಮಗೆ ಬೆನ್ನು ಹಾಕಿ ಮಲಗಿದ ವೀನಸ್‌ನ ಮುಖ ಕನ್ನಡಿಯಲ್ಲಿ ನಮಗೆ ನೇರವಾಗಿ ಕಾಣುತ್ತಿದೆಯೆಂದರೆ ಅವಳು ನೋಡುತ್ತಿರುವುದು ನಮ್ಮನ್ನು. ಹಿಂದೆ ಯಾರೋ ನಿಂತಿದ್ದಾರೆಂದು ಅವಳಿಗೆ ಗೊತ್ತು. ಆದರೂ ಅಡಿಬರಹ ಬರೆದವರು ‘ಅವಳು ತನ್ನನ್ನೇ ನೋಡಿಕೊಳ್ಳುತ್ತಿದ್ದಾಳೆ’ ಎನ್ನುತ್ತಾರೆ. ನೋಡುತ್ತಿರುವವರು ನಾವು, ‘ಮೈಮರೆತವಳು’ ಎಂಬ ಹೆಸರು ಹೊತ್ತವಳು ಅವಳು.

ನನ್ನನ್ನು ಬಹಳ ದಿನ ಕಾಡಿದ್ದು ಇದೇ. ಶೃಂಗಾರದ ಚಿತ್ರಗಳಲ್ಲಿ ಹೆಣ್ಣಿನ ಸುತ್ತ ಇಟ್ಟಿರುವ ಸಾಮಾನುಗಳಿಗೆ, ಅಂದರೆ ಕನ್ನಡಿ, ಹೂವು, ನಾಯಿ, ಮುತ್ತಿನ ಸರ, ಜಾರಿದ ಬಟ್ಟೆಗಳಿಗೆ, ನಿಘಂಟಿನಂತೆ ಅರ್ಥ ಹೇಳುವ ಅಭ್ಯಾಸವಿದೆ. ಕನ್ನಡಿ ಎಂದರೆ ಅಹಂಕಾರ, ನಾಯಿ ಎಂದರೆ ನಿಷ್ಠೆ, ಗುಲಾಬಿ ಎಂದರೆ ಪ್ರೇಮ. ಆದರೆ ಅದೇ ಯುರೋಪಿನ ಚಿತ್ರಗಳಲ್ಲಿ ವಿವೇಕದ ದೇವಿಯ ಕೈಯಲ್ಲೂ ಸತ್ಯದೇವಿಯ ಕೈಯಲ್ಲೂ ಕನ್ನಡಿ ಇರುತ್ತದೆ. ನಿಘಂಟು ಅಲ್ಲಿಗೇ ನಿಂತುಹೋಗುತ್ತದೆ. ‘ಕಳ್ಳನಿಗೊಂದು ಪಿಳ್ಳೆ ನೆವ’ ಎನ್ನುತ್ತೇವಲ್ಲ, ಇಂಥ ಸಾಮಾನುಗಳನ್ನು ಆ ಗಾದೆಯ ಬೆಳಕಿನಲ್ಲಿ ನೋಡುವುದು ವಾಸಿ. ಕೆಲವು ಚಿತ್ರಗಳಲ್ಲಿ ಅವು ಕದ್ದು ನೋಡುವವನಿಗೆ ಒದಗಿಸಿದ ನೆವ. ಕೆಲವೇ ಕೆಲವು ಚಿತ್ರಗಳಲ್ಲಿ ಅವು ಅವನ ವಿರುದ್ಧ ನಿಂತ ಸಾಕ್ಷಿ. ಯಾವುದು ಯಾವುದೆಂದು ತಿಳಿಯಬೇಕಾದರೆ ಮೊದಲು ಚಿತ್ರಕಾರ ನಮ್ಮನ್ನು ಎಲ್ಲಿ ನಿಲ್ಲಿಸಿದ್ದಾನೆಂದು ಹುಡುಕಬೇಕು.

ಮಸುಕಾದ ಮುಖ

ವೆಲಾಸ್ಕೆಸ್‌ನ ಚಿತ್ರ ಸುಮಾರು 122 ಸೆಂ.ಮೀ. ಎತ್ತರ, 177 ಸೆಂ.ಮೀ. ಅಗಲ ಇದೆ. ಬರೆದದ್ದು 1647ರಿಂದ 1651ರ ನಡುವೆ. ವೀನಸ್ ನಮಗೆ ಬೆನ್ನು ಹಾಕಿ ಮಲಗಿದ್ದಾಳೆ, ಮಗ ಕ್ಯುಪಿಡ್ ಕನ್ನಡಿ ಹಿಡಿದಿದ್ದಾನೆ. ಸಾಮಾನ್ಯವಾಗಿ ವೀನಸ್ ಜೊತೆಗಿರುವ ಗುಲಾಬಿಯಿಲ್ಲ, ಆಭರಣವಿಲ್ಲ, ತೋಟವಿಲ್ಲ. ಅವಳು ದೇವತೆಯೆಂದು ಹೇಳಲು ಉಳಿದಿರುವುದು ರೆಕ್ಕೆಯ ಹುಡುಗ ಒಬ್ಬನೇ. ಅವನನ್ನು ಕೈಯಿಂದ ಮುಚ್ಚಿ ನೋಡಿದರೆ ಹಾಸಿಗೆಯ ಮೇಲಿನ ಒಬ್ಬ ಸಾಮಾನ್ಯ ಹೆಣ್ಣು ಕಾಣುತ್ತಾಳೆ. ಅಂದಿನ ಸ್ಪೇನಿನಲ್ಲಿ ಅಶ್ಲೀಲವೆನಿಸಿದ ಚಿತ್ರ ಬರೆದವನಿಗೆ ಧರ್ಮಪೀಠದವರಿಂದ ಬಹಿಷ್ಕಾರ, ದಂಡ, ಗಡಿಪಾರು ಕಾದಿರುತ್ತಿದ್ದವು. ಅರಮನೆಯ ಬಳಗದ ಶ್ರೀಮಂತರು ಮಾತ್ರ ಇಂಥವನ್ನು ಒಳಕೋಣೆಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಅದೂ ಪುರಾಣದ ಹೆಸರಿನಲ್ಲಿ. ಇಲ್ಲಿ ಕ್ಯುಪಿಡ್‌ನ ಎರಡು ರೆಕ್ಕೆಗಳೇ ನೆವ.

ಕನ್ನಡಿಯಲ್ಲಿ ಇನ್ನೂ ಒಂದು ಐಬಿದೆ. ಕನ್ನಡಿಯೊಳಗಿನ ಬಿಂಬ, ವಸ್ತು ಕನ್ನಡಿಯ ಮುಂದೆ ಎಷ್ಟು ದೂರದಲ್ಲಿದೆಯೋ ಅಷ್ಟೇ ದೂರ ಕನ್ನಡಿಯ ಹಿಂದೆ ಇದ್ದಂತೆ ಕಾಣುತ್ತದೆ. ನಾವು ಅವಳ ತಲೆಯಿಂದ ಮೂರು ಮೀಟರ್ ದೂರದಲ್ಲಿದ್ದೇವೆ, ಅವಳಿಂದ ಕನ್ನಡಿ ಒಂದು ಮೀಟರ್ ಆಚೆಗಿದೆ ಎಂದುಕೊಳ್ಳಿ. ಆಗ ಬಿಂಬ ನಮಗೆ ಮೂರು, ಒಂದು, ಮತ್ತೊಂದು ಸೇರಿ ಐದು ಮೀಟರ್ ದೂರ. ಹಾಗಾಗಿ ಕನ್ನಡಿಯ ಮುಖವು ಅವಳ ನಿಜವಾದ ತಲೆಯ ಐದರಲ್ಲಿ ಮೂರು ಪಾಲು ಗಾತ್ರದಲ್ಲಿರಬೇಕು. ಚಿತ್ರದಲ್ಲಿ ಅದು ತಲೆಯಷ್ಟೇ ದೊಡ್ಡದಾಗಿದೆ, ಸ್ವಲ್ಪ ಹೆಚ್ಚೆಂದೂ ಹೇಳಬಹುದು. (ಕನ್ನಡಿಯಿಟ್ಟು ಚಿತ್ರ ಬರೆಯುವ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. ಬಿಂಬವನ್ನು ಕನ್ನಡಿಯ ಮೈಮೇಲೆ ಅಂಟಿಸಿದ ಫೋಟೊದಂತೆ ಬರೆದುಬಿಡುತ್ತಾರೆ. ಬಚ್ಚಲುಮನೆಯ ಕನ್ನಡಿಗೆ ಆವಿ ಕಟ್ಟಿದಾಗ ಒಂದು ಕಣ್ಣು ಮುಚ್ಚಿ ಅದರಲ್ಲಿ ಕಂಡ ಮುಖದ ಸುತ್ತ ಬೆರಳಿನಿಂದ ಗೆರೆ ಎಳೆಯಿರಿ. ಆ ಗೆರೆಯೊಳಗಿನ ಮುಖ ನಿಮ್ಮ ಮುಖದ ಅರ್ಧ ಉದ್ದ ಇರುತ್ತದೆ. ಎಷ್ಟು ಹಿಂದೆ ಸರಿದು ಎಳೆದರೂ ಅರ್ಧವೇ. ಕನ್ನಡಿಯನ್ನು ಗೋಡೆಯಲ್ಲಿ ಕೊರೆದ ಕಿಟಕಿ ಎಂದುಕೊಂಡು, ಅದರಾಚೆ ಅದೇ ಕೋಣೆ ತಿರುವುಮುರುವಾಗಿ ಮುಂದುವರಿದಿದೆಯೆಂದು ಮೊದಲು ತೆಳುವಾಗಿ ಗೆರೆ ಹಾಕಿಕೊಂಡರೆ ಅಳತೆ ತಾನಾಗಿ ಕೂರುತ್ತದೆ.)

ವೆಲಾಸ್ಕೆಸ್‌ನಂಥವನಿಗೆ ಈ ಲೆಕ್ಕ ಬರುತ್ತಿರಲಿಲ್ಲವೆಂದು ನಂಬುವಂತಿಲ್ಲ. ಮುಖವನ್ನು ದೊಡ್ಡದು ಮಾಡಿ ಜೊತೆಗೇ ಮಸುಕು ಮಾಡಿದ್ದಾನೆ. ಬೆನ್ನಿನ ಇಳುಕಲನ್ನು, ಸೊಂಟದ ಏರನ್ನು ಅಷ್ಟು ನಿಖರವಾಗಿ ಬರೆದ ಕುಂಚ ಮುಖಕ್ಕೆ ಬಂದಾಗ ಹೊಗೆಯಂತಾಗಿದೆ. ನೋಡುವವನು ಅಲ್ಲಿದ್ದಾನೆಂದು ಅವಳಿಗೆ ತಿಳಿದಿರಬೇಕು, ಆದರೆ ಅವಳು ಇಂಥವಳೇ ಎಂದು ಯಾರಿಗೂ ಗುರುತು ಸಿಗಬಾರದು. ಈ ಎರಡೂ ಒಟ್ಟಿಗೆ ಸಾಧ್ಯವಾಗುವುದು ಹೀಗೆ ಮಾತ್ರ. ಇದು ಅದ್ಭುತವಾದ ಕುಂಚಗಾರಿಕೆ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆ ಕುಶಲತೆ ಯಾರ ಅನುಕೂಲಕ್ಕೆ ದುಡಿಯಿತು ಎನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಅನುಕೂಲ ಯಾರದೆಂದು ಈ ಚಿತ್ರದ ಒಬ್ಬ ಒಡೆಯ ಬಾಯಿಬಿಟ್ಟು ಹೇಳಿದ್ದಾನೆ. 1813ರಲ್ಲಿ ಇಂಗ್ಲೆಂಡಿನ ಜಾನ್ ಮಾರಿಟ್ ಎಂಬ ಜಮೀನ್ದಾರ ಇದನ್ನು 500 ಪೌಂಡಿಗೆ ಕೊಂಡು ತನ್ನ ರೋಕ್‌ಬಿ ಬಂಗಲೆಯಲ್ಲಿ ತೂಗುಹಾಕಿದ. ಚಿತ್ರಕ್ಕೆ ‘ರೋಕ್‌ಬಿ ವೀನಸ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಕಾದಂಬರಿಕಾರ ವಾಲ್ಟರ್ ಸ್ಕಾಟ್‌ಗೆ ಬರೆದ ಕಾಗದದಲ್ಲಿ ಅವನು ಅದನ್ನು ಬೆಂಕಿಗೂಡಿನ ಮೇಲೆ ಎತ್ತರದಲ್ಲಿ ಯಾಕೆ ಹಾಕಿದೆನೆಂದು ವಿವರಿಸುತ್ತಾನೆ. ಅಷ್ಟು ಎತ್ತರದಲ್ಲಿದ್ದರೆ ಹೆಂಗಸರು ತಗ್ಗಿಸಿದ ಕಣ್ಣನ್ನು ತಗ್ಗಿಸಿಯೇ ಇರಬಹುದು, ರಸಿಕರು ಯಾರ ಗಮನಕ್ಕೂ ಬಾರದೆ ಮೆಲ್ಲಗೆ ಒಂದು ನೋಟ ಕದಿಯಬಹುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಒಂದು ಮೊಳೆಯನ್ನು ಎಷ್ಟು ಎತ್ತರದಲ್ಲಿ ಹೊಡೆಯಬೇಕೆಂಬುದರಲ್ಲೇ ಇಣುಕುನೋಟದ ಶಾಸ್ತ್ರವೆಲ್ಲ ಅಡಗಿದೆ.

ಚಿತ್ರವನ್ನು 1906ರಲ್ಲಿ 45,000 ಪೌಂಡಿಗೆ ಕೊಂಡು ನ್ಯಾಷನಲ್ ಗ್ಯಾಲರಿಗೆ ಕೊಟ್ಟರು. ಎಂಟು ವರ್ಷದ ನಂತರ, 1914ರ ಮಾರ್ಚ್ 10ರಂದು, ಮೇರಿ ರಿಚರ್ಡ್‌ಸನ್ ಎಂಬ ಮತದಾನದ ಹಕ್ಕಿನ ಹೋರಾಟಗಾರ್ತಿ ಮಾಂಸ ಕಡಿಯುವ ಮಚ್ಚನ್ನು ಬಚ್ಚಿಟ್ಟುಕೊಂಡು ಒಳಗೆ ಬಂದಳು. ಮೊದಲ ಏಟಿಗೆ ಗಾಜು ಒಡೆಯಿತು, ಮುಂದಿನವು ಚಿತ್ರದಲ್ಲಿನ ವೀನಸ್‌ನ ಬೆನ್ನಿನ ಮೇಲೆ ಬಿದ್ದವು. ಹಿಂದಿನ ದಿನ ಆ ಹೋರಾಟದ ನಾಯಕಿ ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟ್ ಬಂಧನವಾಗಿತ್ತು. ಪುರಾಣದ ಅತಿ ಚೆಲುವೆಯ ಚಿತ್ರ ಹಾಳಾದರೆ ಇಷ್ಟು ಮರುಗುವವರು ಬದುಕಿರುವ ಹೆಂಗಸನ್ನು ಸರ್ಕಾರ ಕೊಲ್ಲುತ್ತಿರುವುದಕ್ಕೆ ಯಾಕೆ ಸುಮ್ಮನಿದ್ದಾರೆ ಎನ್ನುವುದು ಅವಳ ಹೇಳಿಕೆಯ ತಿರುಳು. ಅವಳಿಗೆ ಆರು ತಿಂಗಳ ಸಜೆಯಾಯಿತು. ಆಗಿನ ಪತ್ರಿಕೆಗಳು ಆ ಸೀಳುಗಳನ್ನು ಬಟ್ಟೆಯ ಮೇಲಿನ ಹರುಕೆಂದು ಬರೆಯದೆ ನಿಜವಾದ ಮೈಮೇಲಿನ ಗಾಯವೆಂಬಂತೆ ಬಣ್ಣಿಸಿದವು. ಚಿತ್ರಕ್ಕೆ ಜೀವ ತುಂಬುವ ಈ ಕರುಣೆ ಜೈಲಿನಲ್ಲಿ ಉಪವಾಸ ಕೂತವರ ಬಾಯಿಗೆ ನಳಿಗೆ ತುರುಕುವಾಗ ಎಲ್ಲಿತ್ತು ಎಂಬ ಪ್ರಶ್ನೆ ಇವತ್ತಿಗೂ ನ್ಯಾಯವಾದದ್ದೇ. 1952ರಲ್ಲಿ, ಬಹಳ ವರ್ಷಗಳ ಮೇಲೆ, ಅವಳು ಇನ್ನೊಂದು ಕಾರಣವನ್ನೂ ಕೊಟ್ಟಳು: ಗಂಡಸರು ದಿನವಿಡೀ ಅದರ ಮುಂದೆ ಬಾಯಿಬಿಟ್ಟುಕೊಂಡು ನಿಲ್ಲುವುದು ತನಗೆ ಹಿಡಿಸುತ್ತಿರಲಿಲ್ಲ. ಏಟು ಬಿದ್ದದ್ದು ಮಾತ್ರ ವೀನಸ್‌ನ ಬೆನ್ನಿಗೆ, ನಿಂತು ನೋಡುತ್ತಿದ್ದವರಿಗಲ್ಲ. ಕ್ಯಾನ್ವಾಸನ್ನು ದುರಸ್ತಿ ಮಾಡಿ ಅದೇ ಗ್ಯಾಲರಿಯಲ್ಲಿ ಮತ್ತೆ ತೂಗುಹಾಕಿದರು. ನೋಡುವವರ ಜಾಗ ಇದ್ದಲ್ಲೇ ಇದೆ.

ತೋಟದಲ್ಲಿ ಇಬ್ಬರು ಮುದುಕರು

ಕದ್ದು ನೋಡುವವನನ್ನು ಚಿತ್ರದೊಳಗೇ ಕೂರಿಸಿಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಸುಸಾನಳ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬೈಬಲ್ಲಿನ ದಾನಿಯೇಲನ ಗ್ರಂಥಕ್ಕೆ ಕ್ಯಾಥೊಲಿಕರು ಸೇರಿಸಿಕೊಂಡು ಓದುವ ಭಾಗದಲ್ಲಿ ಇದು ಬರುತ್ತದೆ. ಬಾಬಿಲೋನಿನ ಶ್ರೀಮಂತ ಯೋವಾಕೀಮನ ಹೆಂಡತಿ ಸುಸಾನ. ಆ ವರ್ಷ ನ್ಯಾಯಾಧೀಶರಾಗಿದ್ದ ಇಬ್ಬರು ಹಿರಿಯರು ಅವಳ ತೋಟದಲ್ಲಿ ಅಡಗಿ ಕೂರುತ್ತಾರೆ. ಬಿಸಿಲಿನ ದಿನ, ಸ್ನಾನ ಮಾಡಬೇಕೆಂದು ಅವಳು ದಾಸಿಯರನ್ನು ಎಣ್ಣೆ ತರಲು ಕಳಿಸಿ ಬಾಗಿಲು ಹಾಕಿಸುತ್ತಾಳೆ. ಅವರು ಆಚೆ ಹೋದದ್ದೇ ತಡ ಮುದುಕರಿಬ್ಬರೂ ಓಡಿಬಂದು, ನಮ್ಮ ಮಾತು ಕೇಳು, ಇಲ್ಲವಾದರೆ ಯಾರೋ ಹುಡುಗನ ಜೊತೆ ಇದ್ದೆಯೆಂದು ಸಾಕ್ಷಿ ಹೇಳುತ್ತೇವೆ ಎನ್ನುತ್ತಾರೆ. ಅವಳು ಕೂಗಿಕೊಳ್ಳುತ್ತಾಳೆ. ವಿಚಾರಣೆಯಾಗಿ ಮರಣದಂಡನೆಯ ತೀರ್ಪಾಗುತ್ತದೆ. ಆಗ ಹುಡುಗ ದಾನಿಯೇಲ ಎದ್ದು ಮುದುಕರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಬೇರೊಂದು. ಸುಳ್ಳು ಬಯಲಾಗುತ್ತದೆ.

ಮೂಲವನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಅವಳು ಬಟ್ಟೆ ಬಿಚ್ಚಿದಳೆಂದಾಗಲಿ ನೀರಿಗಿಳಿದಳೆಂದಾಗಲಿ ಕತೆ ಎಲ್ಲೂ ಹೇಳುವುದಿಲ್ಲ. ದಾಸಿಯರು ಹೋದ ಕೂಡಲೇ ಮುದುಕರು ಬಂದುಬಿಡುತ್ತಾರೆ. ಎರಡನೆಯದು ವಿಚಾರಣೆಯ ಹೊತ್ತಿನದು. ಮುಸುಕು ಹಾಕಿಕೊಂಡು ಬಂದವಳ ಮುಸುಕು ತೆಗೆಯಿರೆಂದು ಆ ಇಬ್ಬರು ಆಜ್ಞೆ ಮಾಡುತ್ತಾರೆ, ಅವಳ ಚೆಲುವನ್ನು ಕಣ್ತುಂಬ ನೋಡಬೇಕೆಂಬ ಆಸೆಗೆ. ಕತೆಗಾರನ ಸಿಟ್ಟು ಅಲ್ಲಿದೆ. ನ್ಯಾಯದ ಕಟ್ಟೆಯೇ ಇಣುಕುವ ಕಿಂಡಿಯಾಯಿತಲ್ಲ ಎಂಬ ಸಿಟ್ಟು. ಚಿತ್ರಕಾರರು ಬಹುಪಾಲು ಕಟ್ಟೆಯನ್ನು ಬಿಟ್ಟರು, ದಾನಿಯೇಲನನ್ನು ಬಿಟ್ಟರು, ಮರದ ಪ್ರಶ್ನೆಯನ್ನೂ ಬಿಟ್ಟು ಕತೆಯಲ್ಲಿಲ್ಲದ ಸ್ನಾನವನ್ನು ಹಿಡಿದುಕೊಂಡರು.

ವೆನಿಸ್ಸಿನ ತಿಂತೊರೆತ್ತೊ 1555ರ ಹೊತ್ತಿಗೆ ಬರೆದ, ಈಗ ವಿಯೆನ್ನಾದಲ್ಲಿರುವ ಚಿತ್ರ ಇವುಗಳಲ್ಲೆಲ್ಲ ಜಾಣತನದ್ದು. ನಡುವೆ ಗುಲಾಬಿ ಹಬ್ಬಿದ ಬೇಲಿಯೊಂದು ನಮ್ಮ ಕಡೆಯಿಂದ ಆಳಕ್ಕೆ ಹೋಗುತ್ತದೆ. ಬೇಲಿಯ ಈಚೆ ಬೆಳಕಿನಲ್ಲಿ ಸುಸಾನ, ಒಂದು ಕಾಲು ನೀರಿನಲ್ಲಿ. ಬೇಲಿಗೊರಗಿಸಿದ ಕನ್ನಡಿ, ಹತ್ತಿರದಲ್ಲೇ ಬಾಚಣಿಗೆ, ಮುತ್ತಿನ ಸರ, ಬಿಳಿ ವಸ್ತ್ರ. ಕೆಳಗೆ ಎಡಮೂಲೆಯಲ್ಲಿ ಒಬ್ಬ ಮುದುಕ ನೆಲಕ್ಕೆ ಅಂಟಿಕೊಂಡಂತೆ ಬಗ್ಗಿ ಬೇಲಿಯ ಬುಡದಿಂದ ಬೋಳುತಲೆ ಚಾಚಿದ್ದಾನೆ. ಇನ್ನೊಬ್ಬ ಬೇಲಿಯ ಆಚೆ ತುದಿಯಲ್ಲಿದ್ದಾನೆ. ಈಗ ಮುದುಕರ ಜಾಗದಲ್ಲಿ ನಿಂತು ಅವರಿಗೆ ಏನು ಕಾಣುತ್ತದೆಂದು ಲೆಕ್ಕ ಹಾಕಿ. ಕೆಳಗಿನವನಿಗೆ ನೆಲಮಟ್ಟದಿಂದ ಬೇಲಿಯ ಅಂಚು, ಬಟ್ಟೆಯ ರಾಶಿ, ಬಹಳವೆಂದರೆ ಕಾಲು. ಆಚೆಯವನಿಗೆ ದೂರದಿಂದ ಓರೆಯಾಗಿ ಒಂದಿಷ್ಟು. ಪೂರ್ತಿ ನೋಟ, ಬೆಳಕು ಬಿದ್ದ ಕಡೆಯಿಂದ, ಅಡ್ಡಿಯಿಲ್ಲದೆ, ಯಾರಿಗೆ ಸಿಕ್ಕಿದೆ? ನಮಗೆ. ಎಲ್ಲರಿಗಿಂತ ಒಳ್ಳೆಯ ಜಾಗದಲ್ಲಿ ನಮ್ಮನ್ನು ಕೂರಿಸಿ, ಪಾಪವನ್ನೆಲ್ಲ ಆ ಬೋಳುತಲೆಗಳ ಮೇಲೆ ಹೊರಿಸಿದ್ದಾನೆ. ನಾವು ಅವರನ್ನು ನೋಡಿ ಛೀ ಎನ್ನುತ್ತಲೇ ಅವರಿಗೆ ಸಿಗದ್ದನ್ನು ನೋಡಿಕೊಂಡು ಹೋಗಬಹುದು. ಅವಳು ಕನ್ನಡಿಯಲ್ಲಿ ಮುಳುಗಿರುವುದರಿಂದ ನಮ್ಮ ಕಡೆ ತಿರುಗುವ ಭಯವೂ ಇಲ್ಲ. ಈ ಕನ್ನಡಿಯ ಕೆಲಸ ಅವಳ ಅಹಂಕಾರ ತೋರಿಸುವುದಲ್ಲ, ಅವಳ ಕಣ್ಣನ್ನು ಬೇರೆಡೆ ಕಟ್ಟಿಹಾಕುವುದು. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತೇವೆ. ಇಲ್ಲಿ ಬೆಕ್ಕಿನ ಬದಲು ಹಾಲಿನವಳ ಕಣ್ಣನ್ನೇ ಮುಚ್ಚಿಸಿದ್ದಾರೆ.

ಇದರ ಎದುರು ಆರ್ತೆಮೀಸಿಯಾ ಜೆಂತಿಲೆಸ್ಕಿಯ ಸುಸಾನಳನ್ನು ಇಡಬೇಕು. 1593ರಲ್ಲಿ ರೋಮಿನಲ್ಲಿ ಹುಟ್ಟಿದ ಇವಳು ಈ ಚಿತ್ರಕ್ಕೆ ಸಹಿ ಹಾಕಿ 1610 ಎಂದು ಬರೆದಾಗ ಹದಿನೇಳರ ಹುಡುಗಿ. ಚಿತ್ರ ಈಗ ಜರ್ಮನಿಯ ಪೊಮರ್ಸ್‌ಫೆಲ್ಡನ್‌ನಲ್ಲಿದೆ. ಅಡ್ಡಕ್ಕಿಂತ ಉದ್ದ ಹೆಚ್ಚು: 170 ಸೆಂ.ಮೀ. ಎತ್ತರ, 119 ಸೆಂ.ಮೀ. ಅಗಲ. ಅಳತೆಯನ್ನು ಸುಮ್ಮನೆ ಹೇಳುತ್ತಿಲ್ಲ. ಅಡ್ಡ ಕ್ಯಾನ್ವಾಸಿನಲ್ಲಿ ತೋಟ ಬರೆಯಲು, ಮೈಚಾಚಿ ಮಲಗಿಸಲು ಜಾಗ ಸಿಗುತ್ತದೆ. ಈ ನಿಲುವು ಕ್ಯಾನ್ವಾಸಿನಲ್ಲಿ ಮೇಲೆ ಕೆಳಗೆ ಮಾತ್ರ ಇದೆ, ಪಕ್ಕಕ್ಕೆ ಸರಿಯಲು ದಾರಿಯಿಲ್ಲ. ತೋಟ ಇಲ್ಲ, ಗುಲಾಬಿ ಇಲ್ಲ, ಕನ್ನಡಿ ಇಲ್ಲ, ಮುತ್ತಿಲ್ಲ. ತಣ್ಣನೆಯ ಕಲ್ಲಿನ ಕಟ್ಟೆ, ಅದರ ಹಿಂದೆ ಗೋಡೆ, ಗೋಡೆಯ ಮೇಲಿನಿಂದ ಇಬ್ಬರು ಗಂಡಸರು ಅವಳ ತಲೆಯ ಮೇಲೇ ಬಾಗಿದ್ದಾರೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಪಿಸುಗುಡುತ್ತಿದ್ದಾನೆ, ಒಬ್ಬನ ಬೆರಳು ತುಟಿಯ ಮೇಲೆ: ಶ್, ಸುಮ್ಮನಿರು. ಅವಳು ಮೈ ತಿರುಚಿ, ಮುಖ ಹಿಂಡಿ, ಎರಡೂ ಕೈ ಎತ್ತಿ ತಡೆಯುತ್ತಿದ್ದಾಳೆ. ತಿರುಚಿದ ಮೈಯಲ್ಲಿ ಬೀಳಬೇಕಾದ ಮಡಿಕೆಗಳು ಬಿದ್ದಿವೆ. ಇದು ಸಣ್ಣ ಸಂಗತಿಯಲ್ಲ. ನೋಡುವವನಿಗೆಂದು ಬರೆದ ಮೈ ಎಷ್ಟೇ ಬಾಗಲಿ, ಅದಕ್ಕೆ ಸುಕ್ಕು ಬೀಳುವುದಿಲ್ಲ. ಯಾಕೆಂದರೆ ಅದನ್ನು ಬರೆಯುವವನು ಭಂಗಿಯನ್ನು ಮೊದಲು ಯೋಚಿಸಿರುತ್ತಾನೆ, ಸ್ನಾಯುವನ್ನು ಆಮೇಲೆ. ಆರ್ತೆಮೀಸಿಯಾ ಸ್ನಾಯುವಿನಿಂದ ಶುರುಮಾಡಿದ್ದಾಳೆ.

ಮರುವರ್ಷ, 1611ರಲ್ಲಿ, ತಂದೆಯ ಜೊತೆ ಕೆಲಸ ಮಾಡುತ್ತಿದ್ದ ಚಿತ್ರಕಾರ ಅಗೊಸ್ತೀನೊ ತಾಸ್ಸಿ ಅವಳ ಮೇಲೆ ಅತ್ಯಾಚಾರ ಮಾಡಿದ. 1612ರ ವಿಚಾರಣೆಯಲ್ಲಿ ಅವಳು ಹೇಳುವುದು ನಿಜವೇ ಎಂದು ಪರೀಕ್ಷಿಸಲು ಅವಳದೇ ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಕುಂಚ ಹಿಡಿಯುವ ಬೆರಳುಗಳಿಗೆ. ಈ ಚಿತ್ರವನ್ನು ಆ ಘಟನೆಗೆ ಕೊಟ್ಟ ಉತ್ತರವೆಂದು ಬರೆಯುವವರು ಬಹಳ, ಆದರೆ ತಾರೀಖು ಅದನ್ನು ಒಪ್ಪುವುದಿಲ್ಲ. ಚಿತ್ರ ಮೊದಲು, ಘಟನೆ ಆಮೇಲೆ. ನನಗೆ ಅದು ಇನ್ನೂ ಭಾರವಾದ ವಿಷಯ. ಗೋಡೆಯ ಮೇಲಿಂದ ಬಾಗುವವರ ಉಸಿರು ಹೇಗಿರುತ್ತದೆಂದು ತಿಳಿಯಲು ಹದಿನೇಳರ ಹುಡುಗಿಗೆ ಅಷ್ಟು ದೊಡ್ಡ ಅನಾಹುತ ಬೇಕಿರಲಿಲ್ಲ. ಬೀದಿ, ಕಿಟಕಿ, ಮನೆಗೆ ಬಂದುಹೋಗುವವರ ಕಣ್ಣು, ಇಷ್ಟೇ ಸಾಕಿತ್ತು.

ಈ ಚಿತ್ರದ ಮುಂದೆ ನಾವು ಎಲ್ಲಿದ್ದೇವೆ? ಅವಳಿಗೆ ತೀರಾ ಹತ್ತಿರ, ನೆಲದ ಮೇಲೆ. ನೋಟ ನಮಗೂ ಸಿಗುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದರ ಜೊತೆಗೆ ಅವಳ ಮುಖವೂ ಸಿಗುತ್ತದೆ. ತಿಂತೊರೆತ್ತೊನ ತೋಟದಲ್ಲಿ ಸಾಮಾನುಗಳು ಮಾತಾಡಿ ಅವಳನ್ನು ಮೂಗಿ ಮಾಡಿದ್ದವು. ಇಲ್ಲಿ ಸಾಮಾನುಗಳನ್ನೆಲ್ಲ ಹೊರಗೆ ಹಾಕಿದ್ದರಿಂದ ಅವಳೇ ಸಾಕ್ಷಿ ಹೇಳುತ್ತಿದ್ದಾಳೆ. ರೆಂಬ್ರಾಂಟ್ 1636ರಲ್ಲಿ ಬರೆದ ಪುಟ್ಟ ಸುಸಾನ, ಹೇಗ್ ನಗರದ ಮೌರಿತ್ಸ್‌ಹೌಸ್‌ನಲ್ಲಿರುವುದು, ಇನ್ನೊಂದು ದಾರಿ ಹಿಡಿಯುತ್ತದೆ. ಅಲ್ಲಿ ಪೊದೆಯಲ್ಲಿರುವ ಮುದುಕನ ಮುಖವನ್ನು ಹುಡುಕಬೇಕು. ಮೈಮುಚ್ಚಿಕೊಳ್ಳಲು ಕುಗ್ಗಿದವಳು ತಲೆ ತಿರುಗಿಸಿ ನೋಡುತ್ತಿರುವುದು ನೇರ ನಮ್ಮನ್ನು. ಸದ್ದು ಮಾಡಿದವರು ನಾವೇ.

ಕೀಲಿಯ ಕಿಂಡಿ, ಬೆಕ್ಕಿನ ಬೆನ್ನು

ಇಣುಕುನೋಟಕ್ಕೆ ಚೌಕಟ್ಟಿನ ಆಕಾರವೂ ಸಹಾಯ ಮಾಡುತ್ತದೆ. ಫ್ರಾನ್ಸಿನ ಆ್ಯಂಗ್ರ್ ಬರೆದ ‘ತುರ್ಕಿ ಸ್ನಾನಗೃಹ’ ಇವತ್ತು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ದುಂಡಗೆ, ಬಾಗಿಲಿನ ಕಿಂಡಿಯಂತೆ ಇದೆ. ಮೊದಲು ಅದು ದುಂಡಗಿರಲಿಲ್ಲ. ಕೊಂಡ ರಾಜಕುಮಾರನ ಮನೆಯಾಕೆಗೆ ಹಿಡಿಸದೆ ಚಿತ್ರ ವಾಪಸು ಬಂತು. ಮುದುಕ ಆ್ಯಂಗ್ರ್ ಅದನ್ನು ತಿದ್ದಿ, ದುಂಡಗೆ ಮಾಡಿ, 1862ರ ತಾರೀಖಿನ ಜೊತೆ ತನಗೆ 82 ವರ್ಷ ಎಂದೂ ಬರೆದ. ಅವನು ತುರ್ಕಿಗೆ ಒಮ್ಮೆಯೂ ಹೋದವನಲ್ಲ. ಆಧಾರವಾಗಿದ್ದದ್ದು ಮೇರಿ ಮಾಂಟಗ್ಯೂ ಎಂಬ ಇಂಗ್ಲಿಷ್ ಹೆಂಗಸು 1717ರಲ್ಲಿ ಬರೆದ ಕಾಗದಗಳು. ಅವಳು ಸ್ನಾನಗೃಹದೊಳಗೆ ಅತಿಥಿಯಾಗಿ ಹೋದವಳು. ಅಲ್ಲಿ ಹರಟೆ ಹೊಡೆಯುತ್ತ, ಕಾಫಿ ಕುಡಿಯುತ್ತ ಕೂತಿದ್ದ ನೂರಾರು ಹೆಂಗಸರಲ್ಲಿ ಅಸಭ್ಯವಾದದ್ದು ಏನೂ ಕಾಣಲಿಲ್ಲವೆಂದು ಬರೆದಳು. ಅವಳು ಬಾಗಿಲಿನಿಂದ ಹೋಗಿ ನೋಡಿದ್ದನ್ನು ಅವನು ಕಿಂಡಿಯಿಂದ ತೋರಿಸಿದ.

ನಾಯಿಯ ವಿಷಯಕ್ಕೆ ಬರೋಣ. ತಿತ್ಸಿಯಾನೊನ 1538ರ ‘ಉರ್ಬಿನೊದ ವೀನಸ್’ ಚಿತ್ರದಲ್ಲಿ ಹಾಸಿಗೆಯ ಮೇಲಿನವಳು ನಮ್ಮನ್ನೇ ನೋಡುತ್ತಿದ್ದಾಳೆ. ಕಾಲ ಬಳಿ ಪುಟ್ಟ ನಾಯಿ ನಿದ್ದೆಹೋಗಿದೆ. ಕೈಯಲ್ಲಿ ಗುಲಾಬಿ, ಕಿಟಕಿಯ ಮೇಲೆ ಮದುವೆಗೆ ಸಲ್ಲುವ ಮರ್ಟಲ್ ಗಿಡದ ಕುಂಡ, ಹಿಂದೆ ಮದುವಣಗಿತ್ತಿಯ ಪೆಟ್ಟಿಗೆಯಲ್ಲಿ ಬಟ್ಟೆ ಹುಡುಕುವ ದಾಸಿ. ಇವೆಲ್ಲ ದಾಂಪತ್ಯದ ಗುರುತುಗಳೆಂದು ಓದುತ್ತಾರೆ. ಚಿತ್ರ ಕೊಳ್ಳಲು ಕಾತರನಾಗಿದ್ದ ಗ್ವಿದೊಬಾಲ್ದೊ ಮಾತ್ರ ತನ್ನ ಕಾಗದದಲ್ಲಿ ವೀನಸ್ ಎಂದಾಗಲಿ ಮದುವೆ ಎಂದಾಗಲಿ ಬರೆಯಲಿಲ್ಲ, ‘ಬೆತ್ತಲೆ ಹೆಂಗಸು’ ಎಂದಷ್ಟೇ ಬರೆದ. ಈ ಚಿತ್ರದಲ್ಲಿ ನನಗೆ ಮುಖ್ಯವೆನಿಸುವುದು ನಾಯಿಯ ನಿದ್ದೆ. ಮನೆಯವರು ಬಂದರೆ ನಾಯಿ ಏಳುವುದಿಲ್ಲ. ಒಳಗೆ ಬಂದ ನಾವು ಅಪರಿಚಿತರಲ್ಲ, ಬರುವ ಹಕ್ಕು ಉಳ್ಳವರು ಎಂದು ಮಲಗಿದ ನಾಯಿ ನಮಗೆ ಅಭಯ ಕೊಡುತ್ತಿದೆ.

1863ರಲ್ಲಿ ಎದುವಾರ್ ಮಾನೆ ಅದೇ ಹಾಸಿಗೆ, ಅದೇ ಭಂಗಿ ತೆಗೆದುಕೊಂಡು ‘ಒಲಿಂಪಿಯಾ’ ಬರೆದ. ನಾಯಿ ಹೋಗಿ ಕರಿಬೆಕ್ಕು ಬಂತು. ಬೆಕ್ಕು ಬೆನ್ನು ಬಿಲ್ಲು ಮಾಡಿ, ಬಾಲ ನಿಗುರಿಸಿ ನಿಂತಿದೆ, ಯಾಕೆಂದರೆ ಯಾರೋ ಹೊಸಬರು ಒಳಗೆ ಬಂದಿದ್ದಾರೆ. ಗುಲಾಬಿ ಅವಳ ಕೈಯಲ್ಲಿಲ್ಲ. ಕಾಗದ ಸುತ್ತಿದ ಹೂಗುಚ್ಛವನ್ನು ದಾಸಿ ತಂದು ಹಿಡಿದಿದ್ದಾಳೆ, ಗಿರಾಕಿ ಕಳಿಸಿದ್ದು, ಅಥವಾ ಈಗ ತಾನೇ ತಂದದ್ದು. ತಂದವರು ಯಾರು? ಬೆಕ್ಕು ನೋಡುತ್ತಿರುವ ಜಾಗದಲ್ಲಿ ನಿಂತಿರುವವರು. 1865ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ಎಷ್ಟು ಕೆರಳಿದರೆಂದರೆ ಚಿತ್ರಕ್ಕೆ ಕಾವಲು ಹಾಕಿ, ಕೊನೆಗೆ ಬಾಗಿಲಿನ ಮೇಲೆ ಬಹಳ ಎತ್ತರಕ್ಕೆ ಸರಿಸಿದರು. ಅದೇ ಜನ ಎರಡು ವರ್ಷದ ಹಿಂದೆ ಕಬನೆಲ್ ಬರೆದ ವೀನಸ್ ಜನನದ ಮುಂದೆ ಸಂತೋಷವಾಗಿ ನಿಂತಿದ್ದರು. ಚಕ್ರವರ್ತಿ ಮೂರನೆಯ ನೆಪೋಲಿಯನ್ ಅದನ್ನು ಕೊಂಡೂ ಕೊಂಡ. ಅವಳೂ ಬೆತ್ತಲೆಯೇ, ಇನ್ನೂ ಹೆಚ್ಚು ಬಳುಕಿದವಳು. ಆದರೆ ತೋಳು ಹಣೆಯ ಮೇಲೆ, ಕಣ್ಣು ಅರೆಮುಚ್ಚಿದೆ, ಮೇಲೆ ಹಾರುವ ದೇವಕಂದಮ್ಮಗಳು. ನೆವಗಳೆಲ್ಲ ಭದ್ರವಾಗಿದ್ದವು.

ಒಲಿಂಪಿಯಾಳಿಗೆ ರೂಪದರ್ಶಿಯಾಗಿದ್ದ ವಿಕ್ತೊರಿನ್ ಮ್ಯೊರಾಂ ತಾನೇ ಚಿತ್ರಕಾರ್ತಿಯಾದಳು. 1876ರಲ್ಲಿ ಅದೇ ಪ್ಯಾರಿಸ್ ಪ್ರದರ್ಶನ ಮಾನೆಯ ಚಿತ್ರಗಳನ್ನು ತಳ್ಳಿಹಾಕಿ ಅವಳು ಬರೆದುಕೊಂಡ ತನ್ನದೇ ಭಾವಚಿತ್ರವನ್ನು ಒಪ್ಪಿಕೊಂಡಿತು. ಇದನ್ನು ಹೇಳದೆ ಅವಳನ್ನು ಬರೀ ರೂಪದರ್ಶಿ ಎಂದು ಬಿಟ್ಟುಬಿಡುವ ಬರಹಗಳನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಚುಚ್ಚದ ದರ್ಭೆ

ನಮ್ಮ ಮನೆಗಳ ಗೋಡೆಯ ಮೇಲೆ ತಲೆಮಾರುಗಳಿಂದ ಇರುವ ಚಿತ್ರವೊಂದು ಈ ಲೆಕ್ಕವನ್ನು ತಿರುಗಿಸುತ್ತದೆ. ರವಿವರ್ಮನ 1898ರ ಶಕುಂತಲೆ. ಗೆಳತಿಯ ಹೆಗಲು ಹಿಡಿದು, ಒಂದು ಕಾಲೆತ್ತಿ, ಚುಚ್ಚಿದ್ದನ್ನು ತೆಗೆಯುವವಳಂತೆ ನಿಂತವಳು. ಕೈ ಪಾದದ ಹತ್ತಿರ, ಕಣ್ಣು ಹಿಂದಕ್ಕೆ.

ಕಾಳಿದಾಸನ ನಾಟಕದ ಮೊದಲ ಅಂಕದಲ್ಲಿ ಕದ್ದು ನೋಡುವವನು ದುಷ್ಯಂತ. ಗಿಡಗಳಿಗೆ ನೀರೆರೆಯುವ ಹುಡುಗಿಯರನ್ನು ಮರದ ಮರೆಯಲ್ಲಿ ನಿಂತು ನೋಡುತ್ತಾನೆ. ನಾರುಬಟ್ಟೆ ಬಿಗಿಯಾಯಿತು, ಸಡಿಲಿಸು ಎಂದು ಶಕುಂತಲೆ ಅನಸೂಯೆಗೆ ಹೇಳುವುದನ್ನೂ, ಬಿಗಿದ ನನ್ನನ್ನಲ್ಲ ನಿನ್ನ ಪ್ರಾಯವನ್ನು ಬೈಯಿ ಎಂದು ಪ್ರಿಯಂವದೆ ಛೇಡಿಸುವುದನ್ನೂ ಅವನು ಮರೆಯಲ್ಲೇ ನಿಂತು ಕೇಳಿಸಿಕೊಳ್ಳುತ್ತಾನೆ. ಸಭೆಯಲ್ಲಿ ಕೂತವರೂ ಅವನ ಜೊತೆ ಅಡಗಿ ನಿಂತವರೇ. ಎರಡನೆಯ ಅಂಕದಲ್ಲಿ ಅದೇ ರಾಜ ವಿದೂಷಕನ ಮುಂದೆ ಬೇರೆಯೇ ಒಂದು ಗಳಿಗೆಯನ್ನು ನೆನೆಯುತ್ತಾನೆ. ಹೊರಟವಳು ನಾಲ್ಕು ಹೆಜ್ಜೆ ಇಟ್ಟು, ದರ್ಭೆ ಚುಚ್ಚಿತೆಂದು ಇದ್ದಕ್ಕಿದ್ದಂತೆ ನಿಂತಳು. ಕೊಂಬೆಗೆ ಸಿಕ್ಕಿಕೊಳ್ಳದ ನಾರುಬಟ್ಟೆಯನ್ನು ಬಿಡಿಸುವವಳಂತೆ ಮುಖ ತಿರುಗಿಸಿ ನಿಂತಳು. ಸಿಕ್ಕಿಕೊಳ್ಳದ ಬಟ್ಟೆ! ನೆವ ಈಗ ಅವಳದು. ಕದ್ದು ನೋಡುತ್ತಿರುವವಳು ಅವಳು.

ರವಿವರ್ಮ ದುಷ್ಯಂತನನ್ನು ಚಿತ್ರದಲ್ಲಿ ಬರೆಯಲಿಲ್ಲ, ನಮ್ಮನ್ನು ಅವನ ಜಾಗದಲ್ಲಿ ನಿಲ್ಲಿಸಲೂ ಇಲ್ಲ. ಅವಳ ನೋಟ ನಮ್ಮನ್ನು ದಾಟಿ ಚೌಕಟ್ಟಿನಾಚೆ ಹೋಗುತ್ತದೆ. ನಾವು ದಾರಿಯ ಪಕ್ಕದಲ್ಲಿದ್ದೇವೆ, ಹೆಚ್ಚೆಂದರೆ ಇನ್ನೊಬ್ಬ ಸಖಿಯಷ್ಟು ದೂರದಲ್ಲಿ. ರವಿವರ್ಮನ ಎಲ್ಲ ಹೆಣ್ಣುಗಳ ಬಗ್ಗೆ ಹೀಗೆ ಹೇಳಲಾರೆ. ಒದ್ದೆ ಸೀರೆಯನ್ನೇ ವಿಷಯ ಮಾಡಿಕೊಂಡ ಮುದ್ರಣಗಳು ಅವನ ಹೆಸರಿನಲ್ಲಿ ಬೇಕಾದಷ್ಟಿವೆ. ಈ ಚಿತ್ರದಲ್ಲಿ ಮಾತ್ರ ಎತ್ತಿದ ಪಾದಕ್ಕೆ ಸುಂದರವಾಗಿ ಕಾಣುವುದಕ್ಕಿಂತ ಬೇರೆ ಕೆಲಸವಿದೆ. ಅದು ಅವಳ ಸುಳ್ಳನ್ನು ಹೊತ್ತು ನಿಂತಿದೆ.

ಬೇಲೂರಿಗೆ ಹಿಂದಿರುಗುತ್ತೇನೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಒಟ್ಟು 42 ಮದನಿಕೆಯರು. ಹೊರಗಿನವರು ಕಂಬದ ತಲೆಯಿಂದ ಸೂರಿನ ಅಂಚಿಗೆ ಓರೆಯಾಗಿ ಕೂರಿಸಿದ ಬಳಪದ ಕಲ್ಲಿನ ಹೆಣ್ಣುಗಳು. ನೋಡಬೇಕಾದರೆ ಹಗಲಿನಲ್ಲಿ, ಎಲ್ಲರ ಎದುರು, ಕತ್ತು ಎತ್ತಬೇಕು. ಸೀರೆ ಎಳೆಯುವ ಕೋತಿಯ ಜೊತೆ ಗುದ್ದಾಡುವವಳಿದ್ದಾಳೆ, ಗಿಣಿಯ ಜೊತೆ ಮಾತಾಡುವವಳಿದ್ದಾಳೆ. ದರ್ಪಣಸುಂದರಿಯ ಕನ್ನಡಿ ಅವಳ ಮುಖದ ಕಡೆಗೇ ತಿರುಗಿದೆ. ಕೆಳಗೆ ಯಾವ ಮೂಲೆಯಲ್ಲಿ ನಿಂತರೂ, ಎಷ್ಟು ದೊಡ್ಡ ಲೆನ್ಸ್ ಹಾಕಿ ಫೋಟೊ ತೆಗೆದರೂ, ಆ ಕಲ್ಲಿನ ಕನ್ನಡಿಯೊಳಗಿನ ಮುಖ ನಮಗೆ ಸಿಗುವುದಿಲ್ಲ. ಅದನ್ನು ಅವಳೊಬ್ಬಳೇ ನೋಡುತ್ತಿದ್ದಾಳೆ.